ಮೆಟ್ಟಿಲಿಲ್ಲದ ಬಾಗಿಲು

ಗೋಕಾಕ,
೧೬ ನವೆಂಬರ್ ೨೦೦೩, ರವಿವಾರ

ಪ್ರೀತಿಯ ಭಕ್ತಿಗೆ,

ಅಪ್ಪನ ಆಶೀರ್ವಾದಗಳು. ಶ್ರೇಯಸನ ಕೆಮ್ಮು ಕಡಿಮೆಯಾಯಿತೆ? ಸಾಂಗಲಿಯ ಚಳಿಯಲ್ಲಿ ಅವನನ್ನು ಬೆಳಿಗ್ಗೆ ಬರಿಗಾಲಲ್ಲಿ ಅಡ್ಡಾಡಲು ಬಿಡಬೇಡ. ಅಳಿಯಂದಿರ ಬೆನ್ನುನೋವು ಹೇಗಿದೆ, ಬರೆ. ನನ್ನ ಪ್ರಕೃತಿ ಸ್ವಸ್ಥವಾಗಿದೆ. ಮಂಡಿ ಮಾತ್ರ ಏಳುವಾಗೊಮ್ಮೆ ಕೂರುವಾಗೊಮ್ಮೆ ತನ್ನ ಅಭಿಪ್ರಾಯ ಮಂಡಿಸುತ್ತದೆ. ನಿನ್ನ ಅವ್ವ ತೀರಿಕೊಂಡು ಬರುವ ಮಾಘಕ್ಕೆ ಎರಡು ವರ್ಷ. ನನ್ನ ಮಾತು ಐದು ನಿಮಿಷ ಮೀರಿತೆಂದರೆ ಆಕೆ ಸೌಟಿನಿಂದ ತಂಬಿಗೆಗೆ ಬಡಿದು, “ಗಂಟಿ ಆತ್ರಿ, ವಾದ ಮುಗಸ್ರಿ” ಎನ್ನುತ್ತಿದ್ದಳು. ಈಗ ಈ ಮನೆಯಲ್ಲಿ ನನಗೆ ಗಂಟೆ ಬಾರಿಸುವವರಿಲ್ಲ. ಪತ್ರ ಉದ್ದವಾದರೆ ಸಹಿಸಿಕೋ.

ಕಾಲೇಜಿನ ಜಿಮಖಾನಾದ ಸುದ್ದಿ ನಿನಗೆ ಹಿಡಿಸದೆಂದು ಬಲ್ಲೆ. ೧೯೯೪ರಲ್ಲಿ ಶಟಲ್ ತಂಡಕ್ಕೆ ನಿನ್ನ ಹೆಸರು ಬಂದಾಗ, ಬಟ್ಟೆ ಬದಲಿಸಲು ಕೋಣೆಯಿಲ್ಲ, ಇರುವ ಬಾಗಿಲು ಒಂದೇ, ಅದರ ಮೆಟ್ಟಿಲ ಮೇಲೆ ದಿನವಿಡೀ ಹುಡುಗರು, ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಳವೇ ಇಲ್ಲ, ಆದ್ದರಿಂದ ಹೋಗಕೂಡದು ಎಂದು ಅಂಶವಾರು ತೀರ್ಪು ಕೊಟ್ಟವನು ನಾನು. “ಜಾಗಾ ಇಲ್ಲಂದ್ರ ಜಾಗಾ ಮಾಡಬೇಕಲ್ರಿ ಅಪ್ಪಾ” ಎಂದು ನೀನು ಹೇಳಿದೆ. “ಅದು ವಿಷಯಾಂತರ” ಎಂದೆ ನಾನು. ಅವ್ವ ತಂಬಿಗೆ ಬಡಿದರೂ ನಿಲ್ಲಿಸಲಿಲ್ಲ. ಜಿಮಖಾನಾದ ಮೆಟ್ಟಿಲು ಇನ್ನೆಂದೂ ತುಳಿಯುವುದಿಲ್ಲವೆಂದು ಅಂದು ಹೇಳಿದವಳು ಒಂಬತ್ತು ವರ್ಷ ಮಾತಿಗೆ ತಪ್ಪಿಲ್ಲ. ಹಠದಲ್ಲಿ ನೀನು ಯಾರ ಮಗಳೆಂದು ಊರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗ ಅಲ್ಲಿಯ ಶಾಲೆಯ ಹುಡುಗಿಯರಿಗೆ ನೀನೇ ಶಟಲ್ ಕಲಿಸುತ್ತಿರುವೆಯೆಂದು ಅಳಿಯಂದಿರಿಂದ ತಿಳಿಯಿತು, ನಿನ್ನಿಂದಲ್ಲ.

ಅದೇ ಜಿಮಖಾನಾವನ್ನು ಕೆಡವಿ ಕಾಂಕ್ರೀಟಿನ ಹೊಸ ಕಟ್ಟಡ ಕಟ್ಟಬೇಕೆಂದು ಕಳೆದ ಮೇ ತಿಂಗಳಲ್ಲಿ ಕಾಲೇಜಿನ ಸಭೆಯ ಮುಂದೆ ಠರಾವು ಬಂತು. ಹಳೆಯ ವಿದ್ಯಾರ್ಥಿಗಳ ಪರವಾಗಿ ನಾನು ವಿರೋಧಿಸಲು ನಿಂತೆ. ಅಧ್ಯಕ್ಷತೆ ಯಮಕನಮರಡಿಯ ಅಣ್ಣಾಸಾಹೇಬನದು. ೧೯೬೧ರ ಚರ್ಚಾಸ್ಪರ್ಧೆಯಲ್ಲಿ ನನ್ನೆದುರು ಸೋತವನು, ಸೋತದ್ದನ್ನು ಇಂದಿಗೂ ಒಪ್ಪದವನು. ಮೇಜಿನ ಮೇಲೆ ಆ ಕಾಲದ ಹಿತ್ತಾಳೆಯ ಗಂಟೆಯೇ ಇತ್ತು. ಕಲ್ಲಿನ ಗೋಡೆ ಬೇಸಿಗೆಯಲ್ಲೂ ಫ್ಯಾನಿಲ್ಲದೆ ತಂಪಾಗಿರುತ್ತದೆ; ಸಾಗವಾನಿ ತೊಲೆಗಳಲ್ಲಿ ಗೆದ್ದಲು ಹಿಡಿದಿರುವುದು ಎರಡಕ್ಕೆ ಮಾತ್ರ; ಅಲ್ಲಲ್ಲಿ ಗಾಜಿನ ಹಂಚು ಹೊದಿಸಿದರೆ ಹಗಲು ದೀಪ ಬೇಕಾಗದು; ಮಾಡಿನ ಮಳೆನೀರನ್ನು ಹಿಂದಿನ ಬತ್ತಿದ ಬಾವಿಗೆ ಬಿಟ್ಟರೆ ಮೈದಾನಕ್ಕೆ ನೀರಾಗುತ್ತದೆ. ಉಳಿಸಿಯೇ ಬೆಳೆಸೋಣ, ಎಂದೆ. ಚಪ್ಪಾಳೆಯಾಯಿತು, ಠರಾವು ಬಿದ್ದುಹೋಯಿತು. ಉಳಿಸಿ ಬೆಳೆಸುವ ನಕ್ಷೆಯನ್ನು ಕಾಲೇಜಿನ ಇಂಜಿನಿಯರ್ ಅಲ್ಲೇ ಗೀಚಿ ಮೇಜಿನ ಮೇಲೆ ಹರಡಿದರು. ನಾನು ಕುಳಿತು ಮೀಸೆ ತಿರುವಿಕೊಂಡೆ.

ಆಗ ಚಹಾದ ಲೋಟ ಎತ್ತಲು ಬಂದವಳು ಚನ್ನವ್ವ, ಮೂವತ್ತು ವರ್ಷದಿಂದ ಜಿಮಖಾನಾ ಗುಡಿಸುವವಳು. ನಕ್ಷೆಯ ಮೇಲೆ ಬಾಗಿ, “ಗ್ವಾಡಿ ಉಳಿಸಿದ್ರಿ, ಹಂಚ ಉಳಿಸಿದ್ರಿ, ನೀರೂ ಉಳಿಸಿದ್ರಿ, ಛಲೋ ಆತು. ಈ ಬಾಜೂಕ ಹೊಸಾದು ಏನ ಕಟ್ಟಾಕತ್ತೀರಿ?” ಎಂದಳು. ಕೇರಂ ಕೋಣೆ, ಪಂದ್ಯಗಳಲ್ಲಿ ಗೆದ್ದ ಢಾಲುಗಳನ್ನಿಡುವ ಕೋಣೆ ಎಂದರು ಇಂಜಿನಿಯರ್. “ಢಾಲಿಗೂ ಖೋಲಿ ಬಂತಂದಂಗಾತು. ಹುಡುಗ್ಯಾರಿಗೆ ಎಲ್ಲೈತ್ರಿ? ನಾ ಕಸಬರಗಿ ಇಡೂ ಸಂದ್ಯಾಗ ಬಟ್ಟಿ ಬದಲಿಸ್ತಾವ, ನಾ ಅಡ್ಡ ನಿಂದರತೇನಿ” ಎಂದಳು.

ಉತ್ತರಿಸಲು ಎದ್ದೆ. “ಅದು ವಿಷಯಾ…” ಎನ್ನುವಷ್ಟರಲ್ಲಿ ಅಣ್ಣಾಸಾಹೇಬ ಗಂಟೆ ಬಾರಿಸಿ, “ಟೈಮ್ ಆತೋ ನೇಮಣ್ಣಾ, ಕುಂಡ್ರು” ಎಂದ. ನಲವತ್ತೆರಡು ವರ್ಷದ ಸೇಡು ಅದು. ನನಗೆ ಕೇಳಿಸಿದ್ದು ಮಾತ್ರ ತಂಬಿಗೆಯ ಸದ್ದು. ನಾನು ಕೂರಲಿಲ್ಲ. ಮಗಳೇ, ಜೀವಮಾನದಲ್ಲಿ ಮೊದಲ ಬಾರಿ ನಿಂತಲ್ಲೇ ಪಕ್ಷ ಬದಲಿಸಿದೆ. “ಸ್ಥಳವಿಲ್ಲದಿದ್ದರೆ ಸ್ಥಳ ಮಾಡಬೇಕು” ಎಂದು ಆರಂಭಿಸಿ ಹನ್ನೊಂದು ನಿಮಿಷ ಮಾತನಾಡಿದೆ. ಅದು ನನ್ನ ವಾಕ್ಯವಲ್ಲವೆಂದು ಸಭೆಗೆ ತಿಳಿಸಿಯೂ ಬಿಟ್ಟೆ. “ನಿನ್ನ ವಿರುದ್ಧ ನೀನ ಗೆದ್ದಿ, ಇನ್ನ ನನಗೇನ ಕೆಲಸ ಉಳೀತು ಮಾರಾಯಾ?” ಎಂದು ಅಣ್ಣಾಸಾಹೇಬ ಗಂಟೆಯನ್ನೇ ಕಿಸೆಗೆ ಹಾಕಿಕೊಂಡ.

ಕೆಲಸ ಕಣ್ಣಿಗೆ ಕಾಣುವವರೆಗೆ ನಿನಗೆ ಬರೆಯಬಾರದೆಂದು ತಡೆದಿದ್ದೆ. ಈಗ ಕಾಣುತ್ತಿದೆ. ಪೂರ್ವದ ಪಡಸಾಲೆಗೆ ಹಳೆಯ ಕಲ್ಲಿನಿಂದಲೇ ಗೋಡೆ ಎದ್ದು ಹುಡುಗಿಯರಿಗೆ ಎರಡು ಕೋಣೆಗಳಾಗಿವೆ, ರಸ್ತೆಯ ಕಡೆಗೆ ಅವರದೇ ಬಾಗಿಲು. ಗೆದ್ದಲು ಹಿಡಿದ ತೊಲೆಗಳ ಗಟ್ಟಿ ಭಾಗವನ್ನು ಕೊಯ್ದು ಮಸಗುಪ್ಪಿಯ ಬಡಿಗ ದುರ್ಗಪ್ಪ ಆ ಬಾಗಿಲು ಮಾಡಿದ್ದಾನೆ. ಬಾವಿಯಲ್ಲಿ ಮೊಣಕಾಲುದ್ದ ನೀರು ನಿಂತಿದೆ; ಚನ್ನವ್ವ ದಿನಕ್ಕೆರಡು ಬಾರಿ ಇಣುಕಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಗಾಜಿನ ಹಂಚನ್ನು ನಡುಮಾಡಿಗೆ ಹೊದಿಸಲು ಹೊರಟಿದ್ದರು. “ನೆತ್ತಿ ಮ್ಯಾಲಿಂದ ಬೆಳಕ ಬಿದ್ರ ಶಟಲ್ ಕಾಣಂಗಿಲ್ಲವ್ವಾ” ಎಂದು ನೀನೊಮ್ಮೆ ಅಡುಗೆಮನೆಯಲ್ಲಿ ಹೇಳಿದ್ದು ನೆನಪಾಗಿ, ಅಂಚಿಗೆ ಸರಿಸಲು ಹೇಳಿದೆ. ಇಂಜಿನಿಯರ್ ನನ್ನನ್ನು ಹಳೆಯ ಆಟಗಾರನೆಂದು ತಿಳಿದರು. ನಾನು ತಿದ್ದಲಿಲ್ಲ.

ಅಳಿಯ ಧನ್ಯಕುಮಾರರಿಗೆ ಜೈಜಿನೇಂದ್ರ. ಶ್ರೇಯಸನಿಗೆ ಅಜ್ಜನ ಆಶೀರ್ವಾದ, ಜೊತೆಗೆ ಐದರ ಮಗ್ಗಿ ಬಾಯಿಪಾಠವಾಗಿರಬೇಕೆಂಬ ಆಜ್ಞೆ.

ಇತಿ ನಿನ್ನ ಅಪ್ಪ,
ನೇಮಿನಾಥ

ತಾ.ಕ.: ಅಂಚೆಯ ಸಮಯವಾಯಿತು, ಮುಖ್ಯ ಮಾತೇ ಉಳಿದಿದೆ. ಅಂದು ನಿನ್ನ ಬ್ಯಾಟನ್ನು ಅಂಕಲಗಿಯವರಿಗೆ ಯಾರಿಗೋ ಕೊಟ್ಟುಬಿಟ್ಟೆನೆಂದು ಹೇಳಿದ್ದೆ. ಅದು ಸುಳ್ಳು. ನನ್ನ ಕಪಾಟಿನ ಮೇಲೇ ಇತ್ತು. ಅವ್ವ ತನ್ನ ಸೀರೆಯಲ್ಲಿ ಸುತ್ತಿಟ್ಟಿದ್ದಳು. ಬೆಳಗಾವಿಗೆ ಒಯ್ದು ಹೊಸ ತಂತಿ ಹಾಕಿಸಿ ತಂದಿದ್ದೇನೆ. ೧೯೯೪ರ ವಾದದಲ್ಲಿ ಸರಿಯಿದ್ದವಳು ನೀನು. ಡಿಸೆಂಬರ್ ೧೪ರಂದು ಬಾಗಿಲು ತೆರೆಯುವವಳು ಚನ್ನವ್ವ. ಮೊದಲ ಆಟ ನೀನು ಆಡಬೇಕು. ನಾಲ್ಕು ಗಂಟೆಗೆ ಇಡಿಸಿದ್ದೇನೆ, ನಮ್ಮ ನೇಮದಂತೆ ಹೊತ್ತು ಮುಳುಗುವ ಮೊದಲು ಊಟವಾಗಬೇಕಲ್ಲ. ನಿನ್ನ ಪ್ರತಿಜ್ಞೆಗೂ ಭಂಗವಿಲ್ಲ: ನೀನು ತುಳಿಯುವುದಿಲ್ಲವೆಂದದ್ದು ಮೆಟ್ಟಿಲನ್ನು. ಪೂರ್ವದ ಬಾಗಿಲಿಗೆ ಮೆಟ್ಟಿಲೇ ಇಲ್ಲ, ಇಳಿಜಾರು ಕಟ್ಟಿಸಿದ್ದೇನೆ. ಈ ಅಂಶಕ್ಕೆ ಪ್ರತಿವಾದವಿದ್ದರೆ ಬಂದೇ ಮಂಡಿಸು. ಎಷ್ಟು ಹೊತ್ತು ಮಾತನಾಡಿದರೂ ಗಂಟೆ ಬಾರಿಸುವುದಿಲ್ಲ.