ಸೊಂಡಿಲು ಹಾಕಿಕೊಂಡ ಬಡಗಿ

ಬುಧವಾರ, ಫೆಬ್ರವರಿ ೧೨

ಪ್ರೀತಿಯ ಅಕ್ಕಾ,

ನಮಸ್ಕಾರ. ಮಂಡಿ ನೋವು ಈಗ ಹೇಗಿದೆ? ನೀನು ಮೂರು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ಕೋಪ ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ.

ನಾನು ನೋಡಿಕೊಳ್ಳುತ್ತಿದ್ದ ರೋಗಿ, ಆ ಬಡಗಿ ಯಜಮಾನರು ತೀರಿಕೊಂಡರು. ನಿನಗೆ ಅವರ ವಿಷಯ ಪೂರ್ತಿ ಹೇಳಿರಲಿಲ್ಲ. ನಲವತ್ತು ವರ್ಷ ಮರದ ಹೊಟ್ಟು, ಜೊತೆಗೆ ಸಿಗರೇಟು, ಶ್ವಾಸಕೋಶ ಜರಡಿಯಾಗಿತ್ತು. ಆಸ್ಪತ್ರೆಯವರು ಮನೆಗೇ ಉಸಿರಾಟದ ಮಿಷನ್ ಕೊಟ್ಟಿದ್ದರು. ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಮಲಗಿದರೆ ಅದು ಗಾಳಿ ಒತ್ತಿ ಕೊಡುತ್ತದೆ. ರೋಗಿಗಳು ಅದನ್ನು ಬಿಡದಂತೆ ಮನೆಮನೆಗೆ ಹೋಗಿ ನೋಡಿಕೊಳ್ಳುವುದೇ ತಾನೇ ನನ್ನ ಕೆಲಸ. ಎಷ್ಟು ಹೊತ್ತು ಹಾಕಿಕೊಂಡರೆಂದು ಮಿಷನ್ನೇ ಚಾಡಿ ಹೇಳುತ್ತದೆ. ಇವರದು ದಿನಕ್ಕೆ ಇಪ್ಪತ್ತು ನಿಮಿಷ ದಾಟುತ್ತಿರಲಿಲ್ಲ. ನಾನು ಗದರಿದರೆ, "ನಾಳೆಯಿಂದ ಹಾಕ್ಕೋತೀನಿ ಸಿಸ್ಟರ್" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಹಟ ಹಿಡಿದು ನನ್ನೆದುರೇ ಹಾಕಿಸಿದೆ. ಒಳಗಿನಿಂದ ಬಂದ ಅವರ ಹೆಂಡತಿ ಬಾಗಿಲಲ್ಲೇ ಕಿರುಚಿಕೊಂಡರು. "ಯಾರಿದು? ನಮ್ಮನೆಯವರು ಎಲ್ಲಿ?" ಆಕೆಗೆ ಮರೆವಿನ ಕಾಯಿಲೆ. ಯಜಮಾನರು ಮಾಸ್ಕ್ ಕಿತ್ತೆಸೆದು, ಏದುಸಿರಿನಲ್ಲೇ "ನಾನೇ ಕಣೇ, ನಾನೇ" ಎನ್ನುತ್ತಾ ಆಕೆಯ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ನೆನಪಲ್ಲಿ ಉಳಿದಿರೋದು ಈ ಮುಖ ಒಂದೇ ಸಿಸ್ಟರ್. ಅದನ್ನೂ ಮುಚ್ಚಿಬಿಡ್ಲಾ?" ಅಂದರು.

ಮಾರನೆಯ ವಾರ ಇನ್ನೊಂದು ಮಾಸ್ಕ್ ಒಯ್ದು ನಾನೇ ಹಾಕಿಕೊಂಡೆ. ಕೊಳವೆ ಆಡಿಸುತ್ತಾ "ನೋಡಿ ಅಮ್ಮಾ, ಆನೆ ಬಂತು" ಅಂದೆ. ಹಿಂದೆ ಸರಿದವರು ಮೆಲ್ಲಗೆ ಮುಟ್ಟಿ, ಮಗುವಿನ ಹಾಗೆ ನಕ್ಕರು. ಯಜಮಾನರ ಮಾಸ್ಕಿನ ಪಟ್ಟಿಯನ್ನು ಆಕೆಯ ಕೈಯಿಂದಲೇ ಹಾಕಿಸುತ್ತಾ ಬಂದೆ, ಮೊದಲು ಐದು ನಿಮಿಷ, ಆಮೇಲೆ ಹತ್ತು. ಎರಡು ತಿಂಗಳಲ್ಲಿ ಆಕೆಯೇ, "ಏನ್ರೀ, ಸೊಂಡಿಲು ಹಾಕ್ಕೊಳ್ಳಿ, ಮಲಗೋ ಹೊತ್ತಾಯ್ತು" ಅನ್ನತೊಡಗಿದರು. ಮಿಷನ್ ಆರು ಗಂಟೆ ತೋರಿಸಿದ ದಿನ ನಾವು ಮೂವರೂ ಕುಣಿಯುವುದೊಂದೇ ಬಾಕಿ. ನೆಲದ ಮೇಲೆ ಕೂತು ಬರೆಯುತ್ತೀರೆಂದು ಯಜಮಾನರು ನನಗೊಂದು ಸ್ಟೂಲನ್ನೂ ಮಾಡಿಕೊಟ್ಟರು.

ನಿನ್ನ ಆಪರೇಷನ್ನಿಗೆಂದು ನಾನು ನಿನ್ನ ಹತ್ತಿರ ಇದ್ದ ಹದಿನೈದು ದಿನದಲ್ಲಿ ಆಸ್ಪತ್ರೆಯ ಉಗ್ರಾಣದವರು ಹೋಗಿ ಮಿಷನ್ ವಾಪಸ್ ತಂದರು. ಸರಿಯಾಗಿ ಬಳಸದವರಿಂದ ತೆಗೆದು, ಕಾಯುತ್ತಿರುವವರಿಗೆ ಕೊಡುವುದು ನಿಯಮ. ಅದಾದ ಎಂಟನೆಯ ದಿನ ಯಜಮಾನರು ಬೆಳಗ್ಗೆ ಏಳಲಿಲ್ಲ.

ಊರಿಂದ ಬಂದವಳು ನೇರ ಅವರ ಮನೆಗೇ ಹೋದೆ. ಆ ಅಮ್ಮ ಮಂಚದ ಕೆಳಗೆ ಬಗ್ಗಿ ಹುಡುಕುತ್ತಿದ್ದರು. "ಸೊಂಡಿಲು ಎಲ್ಲಿಟ್ರೋ ಏನೋ. ಅದಿಲ್ದೆ ಇವ್ರು ಹೇಗೆ ಮಲಗ್ತಾರೆ?" ನಾನೂ ಬಗ್ಗಿ ಹುಡುಕಿದೆ ಅಕ್ಕಾ. ಇನ್ನೇನು ಮಾಡಲಿ?

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಕೋಲು ಹಿಡಿದೇ ನಡೆ, ಬಿಗುಮಾನ ಬೇಡ.

ನಿನ್ನ ತಂಗಿ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಮಿಷನ್ ವಾಪಸ್ ಪಡೆಯುವ ಚೀಟಿ ಬರೆದವಳು ನಾನೇ. ಆ ಇಪ್ಪತ್ತು ನಿಮಿಷದ ದಿನಗಳಲ್ಲಿ, ಸಿಟ್ಟಿನಲ್ಲಿ, 'ರೋಗಿ ಸಹಕರಿಸುತ್ತಿಲ್ಲ' ಎಂದು ಬರೆದು ಸಹಿ ಹಾಕಿದ್ದೆ. ಆಮೇಲೆ ಅದನ್ನು ರದ್ದು ಮಾಡಿಸಲು ಮರೆತೆ. ಕೊಡಬೇಡಿ ಎಂದು ಪಕ್ಕದ ಮನೆಯಾಕೆ ತಡೆದರಂತೆ. ಯಜಮಾನರು ಚೀಟಿ ನೋಡಿ, "ಸಿಸ್ಟರ್ ಸಹಿ ಇದೆಯಲ್ಲಮ್ಮ. ಅವರು ಯೋಚನೆ ಮಾಡೇ ಬರೆದಿರ್ತಾರೆ" ಎಂದು ತಾವೇ ಪ್ಲಗ್ ಕಿತ್ತು, ಕೊಳವೆ ಸುತ್ತಿ ಕೊಟ್ಟರಂತೆ.