ವೇಣಿ ಸಿಸ್ಟರಿನ ಅಕ್ಕ

ರಾಮದಾಸಪೇಠ್, ನಾಗಪುರ
೧೭ ಆಗಸ್ಟ್ ೨೦೦೧

ಪ್ರೀತಿಯ ವೇಣಿ,

ಹೇಗಿದ್ದೀಯೆ? ಬೆರಳಿನ ನೋವು ಇಳಿಯಿತೇ? ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೋ, ಹಾಗೇ ಬಿಡಬೇಡ. ಅಪ್ಪನಿಗೆ ಮೊಣಕಾಲು ನೋವು ಬಿಟ್ಟರೆ ಇಲ್ಲಿ ಎಲ್ಲ ಕ್ಷೇಮ.

ನೀನು ಕರೆತಂದಿದ್ದ ಲೀಲಾಬಾಯಿ, ಆ ಹಾವು ಕಡಿದ ಹೆಂಗಸು, ಉಳಿದಳು. ಗಡಚಿರೋಲಿ ಕಡೆಯಿಂದ ಇಲ್ಲಿಯವರೆಗೆ ಆಂಬುಲೆನ್ಸಿನಲ್ಲಿ ಮಂಡಿಯೂರಿ, ಕೈಯಿಂದಲೇ ಗಾಳಿಚೀಲ ಒತ್ತುತ್ತಾ ಅವಳಿಗೆ ಉಸಿರು ಕೊಟ್ಟುಕೊಂಡು ಬಂದೆಯಲ್ಲ, ನಮ್ಮ ಐಸಿಯು ಬಾಗಿಲಲ್ಲಿ ನಿನ್ನ ಬೆರಳುಗಳು ಬಿಚ್ಚಲೇ ಬರುತ್ತಿರಲಿಲ್ಲ. ನಾನು ಅವಳಿಗೆ ವೆಂಟಿಲೇಟರ್ ಜೋಡಿಸಿ ಹೊರಗೆ ಬರುವಷ್ಟರಲ್ಲಿ ನೀನು ಅದೇ ಗಾಡಿಯಲ್ಲಿ ಹೊರಟುಹೋಗಿದ್ದೆ. ನಿನ್ನ ವಾರ್ಡಿನಲ್ಲಿ ಬೇರೆ ನರ್ಸ್ ಇಲ್ಲವಂತೆ, ಕಾವಲುಗಾರ ಹೇಳಿದ.

ಅಲ್ಲಿಂದ ಅವಳನ್ನು ನೋಡಿಕೊಂಡವಳು ನಾನು. ಕಫ ತೆಗೆದೆ, ಮಗ್ಗುಲು ಬದಲಿಸಿದೆ, ತಲೆ ಬಾಚಿದೆ. ರಜೆಯ ದಿನವೂ ಹೋದೆ. ಕೊನೆಗೊಂದು ಬೆಳಿಗ್ಗೆ ಗಂಟಲಿನ ನಳಿಗೆ ತೆಗೆದಾಗ ಅವಳು ನನ್ನ ಮುಖ ನೋಡಿ ಕೇಳಿದ್ದೇನು ಗೊತ್ತೇ? "ವೇಣಿ ಸಿಸ್ಟರ್ ಕುಠೆ ಆಹೆ?" ವೇಣಿ ಸಿಸ್ಟರ್ ಎಲ್ಲಿ ಎಂದು. ಮೈ ಅಲುಗದಿದ್ದರೂ ದಾರಿಯುದ್ದಕ್ಕೂ ನಿನ್ನ ದನಿ ಕೇಳಿಸುತ್ತಿತ್ತಂತೆ ಅವಳಿಗೆ. ನೀರು ತರುವ ನೆಪ ಮಾಡಿ ನಾನು ಆಚೆ ಹೋದೆ.

ಮನೆಗೆ ಬಂದರೆ ಅಪ್ಪನದೂ ಅದೇ ಮಾತು. ಬ್ಯಾಂಕಿನ ಹಳೆಯ ಗೆಳೆಯ ಮಲ್ಲೇಶಪ್ಪ ಕಾಕಾ ಬಂದಿದ್ದರು. "ನಮ್ಮ ವೇಣಿ ಬರೀ ಕೈಲೆ ಜೀವಾ ಉಳಿಸ್ಯಾಳಪಾ" ಎಂದು ಅವರ ಮುಂದೆ ಹೇಳಿದ್ದೇ ಹೇಳಿದ್ದು. ಚಹಾ ಇಡುತ್ತಾ, "ನಾನೂ ನೋಡಿಕೊಂಡೀನಿ ಅಪ್ಪಾ" ಎಂದೆ. "ಹೌದವಾ, ಆದ್ರ ನಿಮ್ಮಲ್ಲಿ ಎಲ್ಲಾ ಮಶೀನ್ ಅದಾವಲ್ಲ" ಎಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ನರ್ಸಿಂಗಿಗೆ ಮೊದಲು ಸೇರಿದವಳು ನಾನು. ನಾಡಿ ಹಿಡಿಯುವುದನ್ನು ನಿನಗೆ ಕಲಿಸಿದವಳೂ ನಾನೇ.

ನಿಮ್ಮ ಚಿಕ್ಕ ಆಸ್ಪತ್ರೆಯಲ್ಲಿ ಎರಡು ಹಾಸಿಗೆಯ ಐಸಿಯು ತೆರೆಯಲು ನಮ್ಮ ಆಸ್ಪತ್ರೆ ಒಂದು ವೆಂಟಿಲೇಟರ್ ಕೊಡುತ್ತಿದೆ. ಅದನ್ನು ನಡೆಸಲು ಕಲಿಸುವುದಕ್ಕೆ ಇಲ್ಲಿಯ ಒಬ್ಬ ನರ್ಸ್ ಕೆಲವು ತಿಂಗಳು ಅಲ್ಲಿರಬೇಕು ಎಂದು ಮೊನ್ನೆ ಮೇಟ್ರನ್ ಹೇಳಿದಾಗ ಎಲ್ಲರೂ ನನ್ನತ್ತ ನೋಡಿದರು. ಆಗುವುದಿಲ್ಲ ಎಂದುಬಿಟ್ಟೆ. ಅಪ್ಪನ ಮೊಣಕಾಲಿನ ಕಾರಣ ಕೊಟ್ಟೆ. ನಿಜವೆಂದರೆ, ಅಲ್ಲಿಗೆ ಬಂದರೆ ನಾನು ಬರೀ ವೇಣಿ ಸಿಸ್ಟರಿನ ಅಕ್ಕ. ಅದು ನನಗೆ ಬೇಡವಾಗಿತ್ತು.

ನಿನ್ನೆ ನಿನ್ನ ಫೋನ್ ಬಂತು. ನಂಜೇರಿದ ಬಾಣಂತಿಯೊಬ್ಬಳು, ಹಳ್ಳ ತುಂಬಿ ಗಾಡಿ ದಾಟದೆ, ನಿನ್ನ ಕೈಯಲ್ಲೇ ಹೋದಳಂತೆ. ನೀನು ಅಪ್ಪನ ಹತ್ತಿರ ಅಳುತ್ತಿದ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ, ಅಕ್ಕನಿಗೆ ಕೊಡಿ ಎಂದು ನೀನು ಹೇಳಲಿಲ್ಲ. ಅಳುವುದಕ್ಕೂ ಅಪ್ಪನೇ ಬೇಕಿತ್ತೇ, ವೇಣಿ? ಆ ಹೊತ್ತಿನಲ್ಲಿ ನಿನ್ನ ಹತ್ತಿರ ಏನೇನು ಇರಲಿಲ್ಲ ಎಂಬುದು ಅವರಿಗೇನು ಗೊತ್ತು? ನನಗೆ ಗೊತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಆಶೀರ್ವಾದವಿದೆ, ನನ್ನದೂ ಸೇರಿಸಿಕೋ.

ನಿನ್ನ ಅಕ್ಕ,
ವಾಸಂತಿ

ತಾ.ಕ.: ಬೆಳಿಗ್ಗೆ ಮೇಟ್ರನ್ ಹತ್ತಿರ ಹೋಗಿ, ನಾನೇ ಹೋಗುತ್ತೇನೆ ಎಂದು ಹೇಳಿ ಬಂದೆ. ಗಣಪತಿ ಹಬ್ಬ ಮುಗಿದ ಮೇಲೆ ವೆಂಟಿಲೇಟರಿನ ಟೆಂಪೋದಲ್ಲೇ ಬರುತ್ತೇನೆ. ಅಪ್ಪನ ಜೊತೆಗಿರಲು ಸೋದರತ್ತೆ ಒಪ್ಪಿದ್ದಾರೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ, ಅದೂ ನನ್ನ ಜೊತೆಗೇ ಬರುತ್ತದೆ. ನಿನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸು. ಕಿಟಕಿ ಪಕ್ಕದ್ದು ನನಗೆ.