ಹಿಂಬಾಗಿಲಿಗೆ ಎರಡು ತಟ್ಟು

ಡ್ರೈ ಫೋರ್ಕ್, ಒಕ್ಲಹೋಮ
ನವೆಂಬರ್ 6, 1997

ಮಗಳೇ ಡಾರ್ಲಾ,

ಹೇಗಿದ್ದೀಯ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಬೈದರೂ ಸರಿಯೇ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಒಲೆಗೆ ಹಾಕಿದೆ. "ನೀವು ಕಾಗದ ಬರೀತಿದ್ದೀರೋ, ಒಲೆ ಹೊತ್ತಿಸ್ತಿದ್ದೀರೋ?" ಎಂದು ನಿನ್ನ ತಾಯಿ ಕೇಳಿದಳು. ಅವಳ ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಬಾಯಿಗೆ ಮಾತ್ರ ಏನೂ ಆಗಿಲ್ಲ.

ಸೋಮವಾರ ನಿನ್ನಣ್ಣ ಲೈಲ್‌ಗೆ ಶಿಕ್ಷೆ ಹೇಳುತ್ತಾರೆ. ಅದಕ್ಕೆ ಮುಂಚೆ ಜಡ್ಜ್ ನಿನ್ನನ್ನು ಕರೆದು, ಸತ್ತವನ ಹೆಂಡತಿಯಾಗಿ ನೀನು ಏನು ಹೇಳುತ್ತೀ ಎಂದು ಕೇಳುತ್ತಾರೆ. "ರಾಯ್ಸ್‌ನ ಕೊಂದೋನು ನನ್ನ ಒಡಹುಟ್ಟಿದೋನಾದ್ರೇನು, ಎಷ್ಟು ವರ್ಷ ಹಾಕೋಕಾಗುತ್ತೋ ಅಷ್ಟೂ ಹಾಕಿ ಅಂತೀನಿ. ನೀನು ನನ್ನ ಪಕ್ಕದಲ್ಲಿ ಕೂತಿರ್ಬೇಕು ಅಪ್ಪಾ" ಎಂದು ಬರೆದಿದ್ದೀಯ. ಕೋರ್ಟಿಗೆ ಬರುತ್ತೇನೆ. ಎಲ್ಲಿ ಕೂರುತ್ತೇನೆ ಎಂಬುದನ್ನು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಸ್ವಲ್ಪ ತಾಳ್ಮೆಯಿಂದ ಓದು.

ಮೊದಲು ಇಲ್ಲಿನ ಸುದ್ದಿ. ನನ್ನ ಕಾರ್ವರ್ ಪಿಕಪ್ ಇನ್ನಿಲ್ಲ. ಸಾಕ್ಷ್ಯಕ್ಕೆಂದು ಇಟ್ಟುಕೊಂಡಿದ್ದ ಗಾಡಿಯನ್ನು ಶೆರಿಫ್ ವಾಪಸ್ ಕೊಟ್ಟ ಮಾರನೇ ದಿನವೇ, ಮಟಮಟ ಮಧ್ಯಾಹ್ನ, ರಾಯ್ಸ್‌ನ ತಮ್ಮ ಡೆಲ್ ಬಂದ. ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಡೀಸೆಲ್ ಡಬ್ಬ. ಮೊದಲು ಗಾಜು ಒಡೆದ, ಆಮೇಲೆ ದೀಪಗಳನ್ನು, ಆಮೇಲೆ ಮೂತಿಯ ಮೇಲಿದ್ದ ಹೋರಿಯ ತಲೆಯ ಲಾಂಛನವನ್ನು ಕಿತ್ತು ನನ್ನ ಎದೆಗೆಸೆದ. ನಾನು ಕೊಟ್ಟಿಗೆಯಿಂದ ಸಲಿಕೆ ತಂದೆ.

"ಹೊಡಿಯೋ ಮುದುಕಾ, ಹೊಡಿ! ಅಷ್ಟು ಎಗರಾಡ್ತಿದ್ದೆಯಲ್ಲ, ಈಗೇನು ಕೈ ಬಿದ್ದೋಯ್ತಾ?"

ನಾನು ಸಲಿಕೆ ಎತ್ತಲಿಲ್ಲ. ಅವನು ನನ್ನನ್ನು ನೆಲಕ್ಕೆ ಕೆಡವಿ ಬೂಟಿನಲ್ಲಿ ಒದ್ದ. ಎರಡು ಪಕ್ಕೆಲುಬು ಮುರಿದಿವೆ, ಕೆಮ್ಮಿದರೆ ಪ್ರಾಣ ಹೋಗಿ ಬರುತ್ತದೆ. ಆಮೇಲೆ ಡೀಸೆಲ್ ಸುರಿದು ಕಡ್ಡಿ ಗೀರಿದ. "ನನ್ನ ಕಾರ್ವರ್ ಎಂದೂ ನಿಲ್ಲಲ್ಲ ಅಂತಿದ್ದೆಯಲ್ಲ, ಓಡ್ಸು ನೋಡೋಣ!" ಎಂದು ಬೆಂಕಿಯ ಮುಂದೆ ನಿಂತು ಅಳುತ್ತಾ ಕಿರುಚಿದ. ಶೆರಿಫ್‌ಗೆ ದೂರು ಕೊಡಲು ನಿನ್ನ ತಾಯಿ ಹೇಳಿದಳು. ಬೇಡವೆಂದೆ. ಯಾಕೆಂದು ಅವಳಿಗೂ ಹೇಳಲಿಲ್ಲ.

ಈ ಊರಿನ ಹುಚ್ಚು ನಿನಗೆ ಗೊತ್ತಿರುವುದೇ. ಇಲ್ಲಿ ಕಾರ್ವರ್ ಪಿಕಪ್ ಓಡಿಸುವವರು, ಸ್ಟ್ಯಾಂಟನ್ ಪಿಕಪ್ ಓಡಿಸುವವರು ಎಂದು ಎರಡೇ ಜಾತಿ. ಚರ್ಚಿನ ಮುಂದೆ ಕೂಡ ಎಡಕ್ಕೆ ನಮ್ಮವು, ಬಲಕ್ಕೆ ಅವರವು ನಿಲ್ಲುತ್ತಿದ್ದವು. ಐವತ್ತಮೂರರಲ್ಲಿ ನನ್ನಪ್ಪ ತಂದ ಕಾರ್ವರ್‌ನಿಂದ ಹಿಡಿದು ನಾನು ಬೇರೆ ಯಾವ ಪಿಕಪ್ಪಿನ ಸ್ಟೇರಿಂಗನ್ನೂ ಮುಟ್ಟಿದವನಲ್ಲ. ನಿನ್ನ ಮದುವೆಯ ದಿನ ರಾಯ್ಸ್ ತನ್ನ ಸ್ಟ್ಯಾಂಟನ್‌ಗೆ ಹೂವು ಕಟ್ಟಿಕೊಂಡು ಬಂದಾಗ ನಾನು ಕಾರ್ವರ್ ಅಡ್ಡ ನಿಲ್ಲಿಸಿದೆ. "ನನ್ನ ಮಗಳು ಆ ತಗಡಿನಲ್ಲಿ ಹತ್ತೋದಿಲ್ಲ" ಎಂದೆ. ಡೆಲ್ ಬಾಯಿ ಹಾಕಿದ. ಕೋಟು ಕೂಡ ಬಿಚ್ಚದೆ ಅವನ ಮುಂದಿನ ಹಲ್ಲು ಉದುರಿಸಿದೆ. ನೀನು ಬಿಳಿ ಉಡುಪಿನಲ್ಲೇ ಅಳುತ್ತಾ ಮೆಟ್ಟಿಲ ಮೇಲೆ ಕೂತಿದ್ದೆ. ರಾಯ್ಸ್ ಮಾತ್ರ ನಗುತ್ತಾ, "ಆರ್ವಲ್, ಹಾಗಾದ್ರೆ ನಾವಿಬ್ರೂ ನಡ್ಕೊಂಡೇ ಹೋಗ್ತೀವಿ ಬಿಡಿ" ಎಂದು ನಿನ್ನ ಕೈ ಹಿಡಿದು ನಡೆದೇ ಬಿಟ್ಟ. ಅವತ್ತು ಅವನ ಮೇಲೆ ಇನ್ನೂ ಸಿಟ್ಟು ಬಂತು. ಹೊಡೆಯುವವನನ್ನು ಹೊಡೆಯಬಹುದು, ನಗುವವನನ್ನು ಏನು ಮಾಡುವುದು?

ಇನ್ನೊಂದು ಸಂಗತಿ. ಕಳೆದ ಚಳಿಗಾಲ ನಿನ್ನ ತಾಯಿಗೆ ಲಕ್ವ ಹೊಡೆದಾಗ ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ನಾನೆಂದು ಊರಿಗೆಲ್ಲ ಹೇಳಿದ್ದೆ. ಸುಳ್ಳು. ಅರ್ಧ ದಾರಿಯಲ್ಲಿ ಕಾರ್ವರ್ ಕೈಕೊಟ್ಟಿತು. ಹಿಮದಲ್ಲಿ ನಿಂತಿದ್ದಾಗ ರಾಯ್ಸ್ ಬಂದ. ಅವಳನ್ನು ಎತ್ತಿ ತನ್ನ ಸ್ಟ್ಯಾಂಟನ್‌ನಲ್ಲಿ ಮಲಗಿಸಿ, "ನೀವೂ ಹತ್ತಿ ಆರ್ವಲ್" ಎಂದ. ನಾನು ಹತ್ತಲಿಲ್ಲ. ಹೆಂಡತಿ ಸಾಯುತ್ತಿದ್ದರೂ ಹತ್ತಲಿಲ್ಲ. ಕೆಟ್ಟು ನಿಂತ ಗಾಡಿಯ ಪಕ್ಕದಲ್ಲಿ ಕತ್ತೆಯ ಹಾಗೆ ನಿಂತಿದ್ದೆ. ರಾಯ್ಸ್ ಈ ವಿಷಯವನ್ನು ನಿನಗೂ ಹೇಳಲಿಲ್ಲ, ಅಲ್ಲವೇ? ತಮ್ಮನ ಹತ್ತಿರ ಮಾತ್ರ ಯಾವಾಗಲೋ ಬಾಯಿ ಜಾರಿರಬೇಕು.

ಸೆಪ್ಟೆಂಬರ್ ಒಂದು, ಲೇಬರ್ ಡೇ ರಜೆಯ ದಿನ, ಧಾನ್ಯದ ಉಗ್ರಾಣದ ಹಿಂದಿನ ಬಯಲಿನಲ್ಲಿ, ಅದೇ ತಮ್ಮ ಎಲ್ಲರ ಮುಂದೆ ಕೂಗಿದ: "ಹೆಂಡ್ತೀನ ಆಸ್ಪತ್ರೆಗೆ ಕರ್ಕೊಂಡ್ಹೋಗೋಕೆ ಸ್ಟ್ಯಾಂಟನ್ ಬೇಕು, ಜಂಭ ಕೊಚ್ಚೋಕೆ ಮಾತ್ರ ಕಾರ್ವರ್!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಯ್ಸ್ ತಮ್ಮನ ಕಾಲರ್ ಹಿಡಿದು ಆಚೆಗೆ ನೂಕಿದ. ಆದರೆ ಮಾತು ನನಗೆ ತಾಗಿಯಾಗಿತ್ತು. ನೀನು ಆಗ ಆ ತುದಿಯಲ್ಲಿ, ಕೋಳಿ ಕರಿಯುವವರ ಹತ್ತಿರ ಇದ್ದೆ.

ಪ್ರತಿ ವರ್ಷದಂತೆ ಹಗ್ಗಜಗ್ಗಾಟಕ್ಕೆ ಎರಡು ಗಾಡಿಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿದರು. ನಮ್ಮದರಲ್ಲಿ ಲೈಲ್, ಅವರದರಲ್ಲಿ ರಾಯ್ಸ್. ಮಳೆಯಾಗಿ ಬಯಲೆಲ್ಲ ಕೆಸರು. ಎರಡು ಗಾಡಿಗಳನ್ನು ಬಿಗಿಯುವ ಪಟ್ಟಿಯನ್ನು ಎಲ್ಲಿಗೆ ಹಾಕಬೇಕೆಂದು ನಿನಗೆ ಹತ್ತು ವರ್ಷವಿದ್ದಾಗಲೇ ನಾನು ಕಲಿಸಿದ್ದೆ: ಗಾಡಿಯ ಅಡಿಚೌಕಟ್ಟಿಗೆ ಬಿಗಿದ ಕೊಕ್ಕೆಗೆ, ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ ಸರ್ವಥಾ ಅಲ್ಲ. ಆ ಗುಂಡು ಭಾರ ಹೊರಲು ಇರುವುದು, ಹೀಗೆ ಜಗ್ಗಾಡಲು ಅಲ್ಲ. ಕಿತ್ತು ಬಂದರೆ ಫಿರಂಗಿಯ ಗುಂಡೇ. ಅದಕ್ಕೇ ಎದುರು ಗಾಡಿಯವನು ಬಂದು ಬಗ್ಗಿ ನೋಡಿ, ಸರಿಯಿದ್ದರೆ ಹಿಂಬಾಗಿಲಿಗೆ ಎರಡು ಸಲ ತಟ್ಟಿ ಹೋಗಬೇಕು. ತಟ್ಟದೆ ಯಾರೂ ಇಂಜಿನ್ ಚಾಲೂ ಮಾಡುವಂತಿಲ್ಲ.

ರಾಯ್ಸ್ ಬಂದು ಎರಡು ಸಲ ತಟ್ಟಿದ್ದನ್ನು ಇಡೀ ಊರು ಕೇಳಿದೆ. ಆಮೇಲೆ ನಡೆದದ್ದನ್ನು ಇಡೀ ಊರು ನೋಡಿದೆ. ಎರಡೂ ಗಾಡಿ ಕೆಸರು ಕಾರುತ್ತಾ ಎಳೆದವು, ಪಟ್ಟಿ ಬಿಗಿಯಿತು, ಕಾರ್ವರ್‌ನ ಗುಂಡು ಕಿತ್ತುಕೊಂಡು ಹೋಗಿ ಸ್ಟ್ಯಾಂಟನ್‌ನ ಹಿಂಬಾಗಿಲು, ಗಾಜು, ಸೀಟಿನ ತಲೆದಿಂಬು ತೂರಿ ರಾಯ್ಸ್‌ನ ಕುತ್ತಿಗೆಗೆ ಬಡಿಯಿತು. ಲೈಲ್ ಓಡಿಹೋಗಿ ಎರಡೂ ಕೈಯಿಂದ ಗಾಯ ಒತ್ತಿ ಹಿಡಿದ. ಡೆಲ್ ಅವನನ್ನು ಕೂದಲು ಹಿಡಿದು ಎಳೆದು ಕೆಸರಿಗೆ ಕೆಡವಿದ. ಅಷ್ಟರಲ್ಲಿ ನಮ್ಮವನೊಬ್ಬ, "ಸ್ಟ್ಯಾಂಟನ್ ತಗಡು ಕಾಗ್ದ ಇದ್ದಂಗೆ, ಕಾರ್ವರ್ ಆಗಿದ್ರೆ ತಡ್ಕೊಳ್ತಿತ್ತು" ಎಂದ. ಅವನ ತಲೆಯ ಮೇಲೆ ಬಾಟಲಿ ಒಡೆಯಿತು. ಹತ್ತಿಪ್ಪತ್ತು ಗಂಡಸರು ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಿಕೊಂಡರು. ಅವರನ್ನು ಬಿಡಿಸುವ ತನಕ ಆಂಬುಲೆನ್ಸ್ ಒಳಗೆ ಬರಲಾಗಲಿಲ್ಲ. ನೀನು ರಾಯ್ಸ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ದಾರಿ ಬಿಡ್ರೋ, ದಾರಿ ಬಿಡಿ" ಎಂದು ಕೂಗುತ್ತಿದ್ದೆ. ಆ ಕೂಗು ನನ್ನ ಕಿವಿಯಿಂದ ಹೋಗಿಲ್ಲ. ತಗಡಿನ ಮಾತು ಆಡಿದವನು ನಾನಲ್ಲ, ಆದರೆ ನಿಜ ಹೇಳುತ್ತೇನೆ, ನನ್ನ ತಲೆಗೂ ಮೊದಲು ಬಂದದ್ದು ಅದೇ ಮಾತು.

ರಾಯ್ಸ್ ತಟ್ಟಿದಾಗ ಪಟ್ಟಿ ಕೊಕ್ಕೆಯಲ್ಲೇ ಇತ್ತು, ಅವನು ಬೆನ್ನು ತಿರುಗಿಸಿದ ಮೇಲೆ ಲೈಲ್ ಗೆಲ್ಲುವ ಆಸೆಗೆ ಇಳಿದು ಬಂದು ಗುಂಡಿಗೆ ಬದಲಾಯಿಸಿದ ಎಂದು ಎಲ್ಲರೂ ಲೆಕ್ಕ ಹಾಕಿದರು. "ಹೌದು, ನಾನೇ" ಎಂದು ಲೈಲ್ ಒಪ್ಪಿಕೊಂಡ. ಅಣ್ಣ ಬೇಕೆಂದೇ ಮಾಡಿದ ಮೋಸ ಎಂದು ನೀನು ಅವನ ಮುಖ ನೋಡುವುದನ್ನೂ ಬಿಟ್ಟೆ. ಅವನು ಕಳಿಸಿದ ಮೂರು ಕಾಗದಗಳನ್ನು ಒಡೆಯದೆ ವಾಪಸ್ ಕಳಿಸಿದೆಯಂತೆ.

ಚಳಿ ಜೋರಾಗಿದೆ, ಎದೆ ಬೆಚ್ಚಗಿಟ್ಟುಕೋ. ಊಟ ಬಿಡಬೇಡ. ನಿನ್ನ ತಾಯಿ ಹುಳಿಸೇಬಿನ ಜಾಮ್ ಎರಡು ಬಾಟಲಿ ತೆಗೆದಿಟ್ಟಿದ್ದಾಳೆ, ಎಡಗೈಯಲ್ಲೇ ಮಾಡಿದ್ದು. ನಿನ್ನ ಬಾಳಿನಲ್ಲಿ ಇನ್ನು ಮುಂದಾದರೂ ಯಾರೂ ಕೈ ಎತ್ತದಿರಲಿ, ಯಾರ ಸುಳ್ಳೂ ತಾಗದಿರಲಿ. ದೇವರು ನಿನ್ನನ್ನು ಕಾಯಲಿ, ನಾನಂತೂ ಕಾಯಲಿಲ್ಲ.

ನಿನ್ನ ಅಪ್ಪ,
ಆರ್ವಲ್ ಟ್ಯಾಕೆಟ್

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲಾಗದೆ ನಾಲ್ಕು ಕಾಗದ ಸುಟ್ಟೆ. ಪಟ್ಟಿಯನ್ನು ಗುಂಡಿಗೆ ಹಾಕಿದವನು ನಾನು. ಗುಂಡು ಕೊಕ್ಕೆಗಿಂತ ಒಂದು ಗೇಣು ಮೇಲಿರುತ್ತದೆ. ಅಲ್ಲಿಂದ ಎಳೆದರೆ ಹಿಂದಿನ ಚಕ್ರ ಕೆಸರಿಗೆ ಒತ್ತಿ ಕೂರುತ್ತದೆ, ಜಾರುವುದಿಲ್ಲ. ಡೆಲ್‌ನ ಮಾತು ಕಿವಿಯಲ್ಲಿ ಕುದಿಯುತ್ತಿತ್ತು. ಕಾರ್ವರ್ ಸೋಲಬಾರದು, ಅಷ್ಟೇ. ಲೈಲ್ ಸೀಟಿನಿಂದ ಇಳಿಯಲೇ ಇಲ್ಲ. ನಾನು ಬಗ್ಗಿದ್ದನ್ನು ಕನ್ನಡಿಯಲ್ಲಿ ನೋಡಿದ್ದ, ಏನು ಮಾಡಿದೆನೆಂದು ಆಮೇಲೆ ಊಹಿಸಿದ. ಜೈಲಿನಲ್ಲಿ ಅವನನ್ನು ಕಂಡಾಗ, "ನಿನಗೆ ಎಪ್ಪತ್ತೊಂದು ಅಪ್ಪಾ, ಒಳಗೆ ಉಳಿಯಲ್ಲ. ಅಮ್ಮನ್ನ ನೋಡ್ಕೋ, ಸುಮ್ನಿರು" ಎಂದ. ನಾನು ಸುಮ್ಮನಿದ್ದೆ. ಎರಡು ತಿಂಗಳು ಸುಮ್ಮನಿದ್ದೆ.

ನಾಳೆ ಬೆಳಿಗ್ಗೆ ಶೆರಿಫ್ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ. ಸೋಮವಾರ ನಾನು ಕೂರುವುದು ಲೈಲ್ ಕೂರಬೇಕಾಗಿದ್ದ ಜಾಗದಲ್ಲಿ. ಅವನಿಗೆಂದು ಬರೆದಿಟ್ಟಿರುವ ಮಾತನ್ನು ನನಗೆ ಹೇಳು, ಒಂದಕ್ಷರ ಬಿಡಬೇಡ.

ಅವತ್ತು ರಾಯ್ಸ್ ಪಟ್ಟಿ ನೋಡಲೆಂದೇ ಬಂದಿದ್ದ, ಡಾರ್ಲಾ. ಮಂಡಿಯೂರಲು ಹೊರಟಿದ್ದ. ನಾನು ಅಡ್ಡ ನಿಂತು, "ನಾನು ನೋಡಿದೀನಿ ಕಣೋ, ಹೋಗು" ಎಂದೆ. "ನೀವು ನೋಡಿದ್ರೆ ಸಾಕು ಬಿಡಿ, ಆರ್ವಲ್" ಎಂದ. ಬಗ್ಗಲೇ ಇಲ್ಲ. ನಗುತ್ತಾ ಎರಡು ಸಲ ತಟ್ಟಿ ಹೋದ.